ಎಕ್ಕದ ಗಿಡಕ್ಕೆ ಕಟ್ಟಿದ ತಾಳಿ

ದೀಕ್ಷಾಸ್ನಾನಕ್ಕೆ ಜನರನ್ನು ತಯಾರು ಮಾಡುವುದೆಂದರೆ ಹಾಡು, ಪ್ರಾರ್ಥನೆ, ಕಣ್ಣೀರು ಎಂದು ಹೊರಗಿನವರು ತಿಳಿದಿರುತ್ತಾರೆ. ಅದೆಲ್ಲ ಆಮೇಲಿನ ಮಾತು. ಮೊದಲು ಪಟ್ಟಿ. ಯಾರ ಹೆಸರು, ಯಾರ ಮಗ, ಜುಟ್ಟು ತೆಗೆಸಿದನೋ ಇಲ್ಲವೋ, ಜಗಲಿಯ ಮೇಲಿನ ದೇವರನ್ನು ಇಳಿಸಿದನೋ ಇಲ್ಲವೋ, ಹತ್ತು ಆಜ್ಞೆ ಬಾಯಿಪಾಠ ಬಂತೋ ಇಲ್ಲವೋ, ಹೆಂಡತಿಯರು ಎಷ್ಟು. ಕ್ರೈಸ್ತ ಮಿಶನ್ನಿನ ಉಪದೇಶಿಯಾಗಿ ನಾನು ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ಈ ಪಟ್ಟಿಯ ಕೆಲಸ. ಅದರಲ್ಲಿ ಒಂದು ಖಾನೆಯನ್ನು ನಾನು ಹೇಗೆ ತುಂಬಿದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಓದಿದ ಮೇಲೆ ನನ್ನನ್ನು ಬೈಯಬೇಕೆನಿಸಿದರೆ ಬೈಯಿರಿ. ಆ ಕೆಲಸವನ್ನು ನಾನೇ ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ.

ಯುದ್ಧ ಶುರುವಾಗುವುದಕ್ಕೆ ಮೂರು-ನಾಲ್ಕು ವರ್ಷ ಮುಂಚಿನ ಮಾತು. ನನ್ನ ವಾಸ ಅಕ್ಕಿಆಲೂರಿನಲ್ಲಿ, ಅಕ್ಕಿ ಗಿರಣಿಯ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ. ಅಲ್ಲಿಂದ ಎರಡು ಮೈಲು ನಡೆದರೆ ಒಂದು ಹಳ್ಳಿ, ಹಳ್ಳಿಯ ಹೊರಗೆ ಒಂದು ಕೇರಿ, ಹದಿನಾರು ಮನೆ. ಊರಿನವರು ಆ ಜನರನ್ನು ಬಾವಿಗೆ ಬಿಡುತ್ತಿರಲಿಲ್ಲ, ಗುಡಿಗೆ ಬಿಡುತ್ತಿರಲಿಲ್ಲ, ಗದ್ದೆಯ ಕೆಸರಿಗೆ ಮಾತ್ರ ಬಿಡುತ್ತಿದ್ದರು. ನಾನು ಹಾನಗಲ್ಲ ತಾಲೂಕಿಗೆ ಬಂದು ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ಒಂದೇ ಒಂದು ತಲೆಯ ಮೇಲೆ ನೀರು ಬಿದ್ದಿರಲಿಲ್ಲ. ಶಿಗ್ಗಾಂವಿಯಲ್ಲಿ ತಿಂಗಳಿಗೊಮ್ಮೆ ಉಪದೇಶಿಗಳೆಲ್ಲ ಕೂಡುತ್ತಿದ್ದೆವು. ಬೇರೆಯವರು ತಮ್ಮ ತಮ್ಮ ಪಟ್ಟಿ ಓದುವಾಗ ನಾನು ನೆಲ ನೋಡುತ್ತ ಕುಳಿತಿರುತ್ತಿದ್ದೆ. ಪಾದ್ರಿ ಸಾಹೇಬರು ಪರದೇಶದವರು, ಕೆಟ್ಟವರಲ್ಲ. ‘ಬರುವ ಸುಗ್ಗಿಯ ಒಳಗಾಗಿ ಫಲವು ಕಾಣದಿದ್ದರೆ ಆ ಮಿಶನ್ ಠಾಣ್ಯವನ್ನು ಮುಚ್ಚಿಬಿಡೋಣ’ ಎಂದು ತಮ್ಮ ಪುಸ್ತಕದ ಕನ್ನಡದಲ್ಲಿ ಮೆಲ್ಲಗೆ ಹೇಳಿದ್ದರು. ಮೆಲ್ಲಗೆ ಹೇಳಿದರೂ ಅದು ನನ್ನ ಹೊಟ್ಟೆಯ ಮಾತಾಗಿತ್ತು.

ಆ ಕೇರಿಗೆ ಒಬ್ಬ ಹಿರಿಯನಿದ್ದ, ನಲವತ್ತು ದಾಟಿದ ಗಟ್ಟಿ ಆಳು. ಅವನನ್ನು ಯಜಮಾನ ಎಂದೇ ಕರೆಯುತ್ತೇನೆ. ಅವನು ಹೂಂ ಅಂದರೆ ನಾಲ್ಕು ಮನೆ ಬರುತ್ತವೆ, ಊಹೂಂ ಅಂದರೆ ನಾಯಿಯೂ ಬರುವುದಿಲ್ಲ. ಹೇಗೋ ಅವನ ಮನಸ್ಸು ಇತ್ತ ವಾಲಿತು. ಮುಂಗಾರಿನ ನಾಟಿ ಮುಗಿದ ಮೇಲೆ ಅವನ ಅಂಗಳದಲ್ಲಿ ಪಾಠ ಶುರು ಮಾಡಿದೆ. ಪ್ರಾರ್ಥನೆ ಬಾಯಿಪಾಠ ಮಾಡಿಸಿದೆ, ಆಜ್ಞೆ ಮಾಡಿಸಿದೆ. ಧರ್ಮಪಾಠದ ಪ್ರಶ್ನೋತ್ತರ ಪುಸ್ತಕದಲ್ಲಿ ಪ್ರಾಯಶ್ಚಿತ್ತದ ಭಾಗಕ್ಕೆ ಬಂದಾಗ ಗಾಡಿ ಹೂತುಕೊಂಡಿತು.

ಎಲ್ಲರ ಪಾಪವನ್ನು ಒಬ್ಬನು ಹೊತ್ತುಕೊಂಡು ಶಿಲುಬೆಯ ಮೇಲೆ ಸತ್ತ, ಅದರಿಂದ ನಮಗೆ ರಕ್ಷಣೆ ಎಂದು ನಾನು ಹೇಳುತ್ತಿದ್ದಂತೆ ಯಜಮಾನ ತಲೆ ಅಲ್ಲಾಡಿಸಿದ.

‘ಅದೆಂಗ್ರಿ ಉಪದೇಶ್ಯಾರ? ಮಾಡಿದವ ಉಣಬೇಕು. ಒಬ್ಬ ಉಂಡ್ರ ಇನ್ನೊಬ್ಬನ ಹೊಟ್ಟಿ ತುಂಬತೈತೇನು?’

ನನಗೆ ಕಲಿಸಿಕೊಟ್ಟ ದೃಷ್ಟಾಂತವನ್ನೇ ತೆಗೆದೆ. ಒಬ್ಬ ತಪ್ಪುಗಾರನಿಗೆ ನ್ಯಾಯಾಧೀಶ ಶಿಕ್ಷೆ ಕೊಟ್ಟ, ನ್ಯಾಯಾಧೀಶನ ಸ್ವಂತ ಮಗನೇ ಎದ್ದು ಬಂದು ಆ ಶಿಕ್ಷೆಯನ್ನು ತಾನು ತೆಗೆದುಕೊಂಡ, ತಪ್ಪುಗಾರ ಬಿಡುಗಡೆಯಾದ. ಹಿಂದೆ ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕುಬಿಟ್ಟ.

‘ಇದರಾಗ ಹೊಸಾದೇನೈತ್ರಿ? ಗೌಡರ ಮಗ ಬಣವಿಗೆ ಬೆಂಕಿ ಹಚ್ಚಿದ್ದಕ್ಕ ನಮ್ಮಪ್ಪನ್ನ ಗಿಡಕ್ಕ ಕಟ್ಟಿ ಬಡದ್ರು. ಹುಡುಗ ಬಿಡುಗಡಿ ಆದ. ನಮ್ಮಪ್ಪ ಏನ ದೇವರಾಗಲಿಲ್ರಿ, ಕುಂಟ ಆದ.’

ಎಲ್ಲರೂ ನಕ್ಕರು. ನಾನೂ ಮುಖ ಕೆಡಿಸಿಕೊಳ್ಳದೆ ನಕ್ಕೆ. ಮರುದಿನ ಬೇರೆ ರೀತಿ ಹೇಳಿದೆ, ಅದರ ಮರುದಿನ ಇನ್ನೊಂದು ರೀತಿ. ಹದಿನೈದು ದಿನ ಅದೇ ಕೆಸರಿನಲ್ಲಿ ತುಳಿದಾಡಿದೆ. ಇನ್ನೊಬ್ಬರ ಪೆಟ್ಟು ತಿನ್ನುವುದು ಆ ಜನಕ್ಕೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅದರಿಂದ ಯಾರಿಗಾದರೂ ಒಳ್ಳೆಯದಾಗುತ್ತದೆ ಎಂಬುದೇ ಅವರಿಗೆ ಹಿಡಿಸದ ಮಾತು.

ಯಜಮಾನನ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು. ಕಿರಿಯವಳಿಗೆ ಎರಡು ಮಕ್ಕಳು, ಒಂದು ಇನ್ನೂ ಹಾಲು ಕುಡಿಯುವ ಕೂಸು. ಹಿರಿಯವಳು ಯಜಮಾನನಿಗಿಂತ ಎರಡು-ಮೂರು ವರ್ಷ ದೊಡ್ಡವಳಂತೆ ಕಾಣುತ್ತಿದ್ದಳು. ಮಕ್ಕಳು ದೊಡ್ಡವ್ವ ಅನ್ನುತ್ತಿದ್ದವು, ಕೇರಿಯೆಲ್ಲ ದೊಡ್ಡವ್ವ ಅನ್ನುತ್ತಿತ್ತು. ಯಜಮಾನನ ಸತ್ತ ಅಣ್ಣನ ಹೆಂಡತಿ ಇರಬೇಕು ಎಂದು ನಾನಾಗಿಯೇ ತಿಳಿದುಕೊಂಡೆ. ಕೇಳಲಿಲ್ಲ. ಪಟ್ಟಿಯಲ್ಲಿ ‘ಹೆಂಡತಿ: ಒಬ್ಬಳು. ಅತ್ತಿಗೆ: ಒಬ್ಬಳು’ ಎಂದು ಬರೆದುಕೊಂಡೆ. ಕೂಸು ಯಾವಾಗಲೂ ದೊಡ್ಡವ್ವನ ಬೆನ್ನಿಗೇ ಇರುತ್ತಿತ್ತು. ಅವಳು ಅದನ್ನು ಬೆನ್ನಿಗೆ ಕಟ್ಟಿಕೊಂಡೇ ಮೊರದಲ್ಲಿ ನುಚ್ಚು ಕೇರುತ್ತ, ನನ್ನ ಪಾಠದ ಕಡೆ ಒಂದು ಕಿವಿ ಇಟ್ಟಿರುತ್ತಿದ್ದಳು.

ಹದಿನಾರನೆಯ ದಿನವೋ ಏನೋ, ನಾನು ಮತ್ತೆ ಕೋರ್ಟಿನ ಕಥೆ ತೆಗೆದಾಗ ಅವಳು ಮೊರ ಕೆಳಗಿಟ್ಟಳು.

‘ಕೋರ್ಟು ಕಚೇರಿ ಅಂತ ಯಾಕ ತಲಿ ಕೆಡಸ್ತೀರ್ರಿ? ಹಾಲ ಕುಡಿಯೋ ಕೂಸಿಗೆ ಬ್ಯಾನಿ ಬಂದ್ರ ಔಷಧಾ ಯಾರು ಕುಡೀತಾರ? ಕೂಸಿನ ಬಾಯಾಗ ಆ ಕಹಿ ಇಳಿಯೂದಿಲ್ಲ. ಅವ್ವ ಕುಡೀತಾಳ. ಖಾರ ಬಿಡ್ತಾಳ, ಹುಳಿ ಬಿಡ್ತಾಳ, ಬರೇ ಗಂಜಿ ಮ್ಯಾಲೆ ಇರ್ತಾಳ. ಬ್ಯಾನಿ ಕೂಸಿಂದು, ಪಥ್ಯ ಅವ್ವಂದು. ಗುಣ ಯಾರಿಗಾಗತೈತಿ? ಕೂಸಿಗೆ. ಇವರು ಹೇಳೂದು ಅದನ್ನ. ಹೌದಿಲ್ರಿ?’

ಹೌದು ಅಂದೆ. ಬೇರೇನು ಹೇಳಲಿ. ಏಳು ವರ್ಷ ಓದಿ, ಮೂರು ವರ್ಷ ತಿರುಗಿ ನಾನು ಹೇಳಲಾಗದ್ದನ್ನು ಅವಳು ನುಚ್ಚಿನಲ್ಲಿ ಕಲ್ಲು ಆರಿಸುತ್ತ ಹೇಳಿದ್ದಳು. ಯಜಮಾನ ಗಡ್ಡ ಕೆರೆದುಕೊಂಡು, ‘ಹಂಗಂದ್ರ ಆಗಬೌದು’ ಅಂದ. ನಗುವ ಮುದುಕನೂ ಗೋಡೆ ಬಿಟ್ಟು ಮುಂದೆ ಸರಿದು ಕುಳಿತ.

ಪಾಠ ಮುಗಿದು ನಾನು ಹೊರಡುವಾಗ ಅವಳು ಬೇಲಿಯ ತನಕ ಬಂದಳು. ತನಗೂ ಒಂದು ಗಂಡು ಕೂಸಿತ್ತು ಎಂದಳು. ಅದು ಹಾಲು ಕುಡಿಯುವಾಗ ಹೊಟ್ಟೆ ಬೇನೆ ಬಂದು, ತಾನು ಎರಡು ತಿಂಗಳು ಪಥ್ಯ ಮಾಡಿ ಉಳಿಸಿಕೊಂಡಿದ್ದಳಂತೆ. ಹುಲಗೂರ ದರ್ಗಾಕ್ಕೆ ಹೋಗಿ ಸಕ್ಕರೆಯನ್ನೂ ಓದಿಸಿದ್ದಳಂತೆ. ಮೂರು ವರ್ಷದವನಾದಾಗ ಮೈಲಿಬೇನೆ ಎದ್ದು ಹೋದನಂತೆ.

‘ಈ ನೀರು ತಗೊಂಡ್ರ, ಸತ್ತ ಮ್ಯಾಲ ಅವನ್ನ ಕಾಣ್ತೇನೇನ್ರಿ?’

ಆ ಪ್ರಶ್ನೆಗೆ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಆದರೆ ಅವಳು ನನ್ನ ಹೂತ ಗಾಡಿಯನ್ನು ಎತ್ತಿಕೊಟ್ಟಿದ್ದಳು, ನಾನು ಖುಷಿಯಲ್ಲಿದ್ದೆ. ‘ಕಾಣ್ತಿ, ಅಕ್ಕಾ’ ಅಂದುಬಿಟ್ಟೆ. ಅಂದಿನಿಂದ ಅವಳು ಪಾಠ ಕಲಿತ ಪರಿಯೇ ಬೇರೆ. ಓದು ಬರಹ ಬಾರದ ಹೆಂಗಸು ಎರಡು ತಿಂಗಳಲ್ಲಿ ಇಡೀ ಪ್ರಶ್ನೋತ್ತರವನ್ನು ಬಾಯಲ್ಲಿ ಇಟ್ಟುಕೊಂಡಳು. ಕಳೆ ಕೀಳುವ ಸಾಲಿನಲ್ಲಿ ಉಳಿದ ಹೆಂಗಸರಿಗೆ ಕಲಿಸಿದಳು. ಒಮ್ಮೆ ನಾನು ಒಂದು ಉತ್ತರವನ್ನು ಹಿಂದುಮುಂದು ಮಾಡಿದಾಗ ನನ್ನನ್ನೇ ತಿದ್ದಿದಳು.

ಶಿಗ್ಗಾಂವಿಯ ಮುಂದಿನ ಕೂಟದಲ್ಲಿ ನಾನು ಪಥ್ಯದ ದೃಷ್ಟಾಂತ ಹೇಳಿದೆ. ಪಾದ್ರಿ ಸಾಹೇಬರು ಎದ್ದು ಬಂದು ನನ್ನ ಭುಜ ತಟ್ಟಿದರು. ‘ಇದು ಈ ಮಣ್ಣಿನಿಂದ ಹುಟ್ಟಿದ ಬೋಧನೆ. ಇದು ನಿಮಗೆ ಹೇಗೆ ಹೊಳೆಯಿತು?’ ಎಂದು ಕೇಳಿದರು. ‘ಪ್ರಾರ್ಥನೆ ಮಾಡುವಾಗ ಹೊಳೆಯಿತು’ ಅಂದೆ.

ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಅವರಿಂದ ಕಾಗದ ಬಂತು. ನಾಲ್ಕು ಮನೆಯವರನ್ನೂ ಪರೀಕ್ಷಿಸಲು ತಾವೇ ಬರುತ್ತೇವೆ, ಅಷ್ಟರಲ್ಲಿ ಪ್ರತಿಯೊಬ್ಬ ಗಂಡಸಿನ ವಿವಾಹ ವಿಚಾರಣೆಯ ಪತ್ರ ತಯಾರಿರಬೇಕು. ಒಬ್ಬೊಬ್ಬನಿಗೆ ಒಂದು ಹಾಳೆ. ಹೆಂಡತಿಯ ಹೆಸರು, ಮದುವೆಯ ರೀತಿ, ಎಷ್ಟು ವರ್ಷವಾಯಿತು, ಇಬ್ಬರು ಸಾಕ್ಷಿ, ಹೆಬ್ಬೆಟ್ಟು. ಮೂವರದು ಅರ್ಧ ದಿನದಲ್ಲಿ ಮುಗಿಯಿತು. ಯಜಮಾನನ ಹಾಳೆ ಕೊನೆಗೆ ತೆಗೆದೆ.

‘ಹೇಂತಿ ಒಬ್ಬಾಕಿ, ಹೌದಲ್ಲೋ?’

‘ಇಬ್ರು ಅದಾರಲ್ರಿ’ ಅಂದ ಅವನು, ನನಗೆ ಕಣ್ಣಿಲ್ಲವೇನೋ ಎಂಬಂತೆ. ‘ದೊಡ್ಡಾಕಿ, ಸಣ್ಣಾಕಿ.’

ನಾಲ್ಕೈದು ತಿಂಗಳು ಅದೇ ಅಂಗಳದಲ್ಲಿ ಕುಳಿತು ಎದ್ದವನು ನಾನು. ನನ್ನ ಅಜ್ಜನ ಕಾಲಕ್ಕೇ ಕ್ರೈಸ್ತರಾಗಿ ಪಟ್ಟಣದಲ್ಲಿ ಬೆಳೆದವರು ನಾವು, ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ. ಮಿಶನ್ನಿನ ನೇಮ ಸ್ಪಷ್ಟವಿತ್ತು. ಇಬ್ಬರು ಹೆಂಡಿರಿದ್ದವನಿಗೆ ದೀಕ್ಷಾಸ್ನಾನವಿಲ್ಲ. ಮೊದಲು ಯಾರನ್ನು ಮದುವೆಯಾಗಿದ್ದಾನೋ ಅವಳನ್ನು ಇಟ್ಟುಕೊಳ್ಳಬೇಕು, ಇನ್ನೊಬ್ಬಳನ್ನು ತವರಿಗೆ ಮುಟ್ಟಿಸಬೇಕು. ಮುಟ್ಟಿಸಿದ್ದಕ್ಕೆ ತವರಿನವರ ಹೆಬ್ಬೆಟ್ಟು ತರಬೇಕು.

ವಿವರ ಕೇಳಲು ದೊಡ್ಡವ್ವನನ್ನೇ ಕರೆದೆ. ಅವಳು ನಗುನಗುತ್ತ ಎಲ್ಲವನ್ನೂ ಹೇಳಿದಳು. ಮೊದಲಿನ ಗಂಡ ಮದುವೆಯಾದ ಆರು ವರ್ಷಕ್ಕೆ ಸತ್ತ, ಮರುವರ್ಷ ಕೂಸೂ ಹೋಯಿತು. ಆಮೇಲೆ ಈ ಯಜಮಾನ ಅವಳನ್ನು ಉಡಿಕೆ ಮಾಡಿಕೊಂಡ. ಗಂಡ ಸತ್ತವಳಿಗೆ ಸೀರೆ ಉಡಿಸಿ, ಬಳೆ ಇಡಿಸಿ ಮನೆಗೆ ಕರೆದುಕೊಳ್ಳುವುದಕ್ಕೆ ಉಡಿಕೆ ಅನ್ನುತ್ತಾರೆ, ಅದಕ್ಕೆ ಹಂದರವಿಲ್ಲ, ಅಕ್ಷತೆ ಇಲ್ಲ.

‘ಇವನಿಗೆ ಆಗ ಲಗ್ನ ಆಗಿರಲಿಲ್ರಿ. ಲಗ್ನ ಆಗದ ಗಂಡಸು ಗಂಡಸತ್ತಾಕಿನ್ನ ಮಾಡಿಕೊಂಡ್ರ ಅವಗ ಕೇಡಂತ. ಅದಕ್ಕ ಮದಲ ಎಕ್ಕದ ಗಿಡಕ್ಕ ತಾಳಿ ಕಟ್ಟಿಸಿದ್ರು. ಅರಿಷಿಣ ಹಚ್ಚಿ, ಸೀರಿ ತುಂಡು ಸುತ್ತಿ, ಕುಡಗೋಲಿನಿಂದ ಗಿಡಾ ಕಡದು ಹಾಕಿದ್ರು. ಹೇಂತಿ ಸತ್ತಳು ಅಂತ ಇವ ಅಳಬೇಕಿತ್ರಿ. ಇವಗ ನಗಿ. ನಗಬ್ಯಾಡಲೇ ಅಂತ ಇವರಪ್ಪ ಬೆನ್ನಿಗೆ ಗುದ್ದಿದ.’

ಹೇಳುತ್ತ ಹೇಳುತ್ತ ಅವಳಿಗೆ ನಗು ತಡೆಯಲಿಲ್ಲ, ಸೆರಗು ಬಾಯಿಗೆ ಹಿಡಿದಳು. ಆಮೇಲೆ ಹನ್ನೆರಡು ವರ್ಷವಾದರೂ ಮಕ್ಕಳಾಗಲಿಲ್ಲ. ಅವಳೇ ಸವಣೂರಿನ ಕಡೆ ಹೋಗಿ ಹುಡುಗಿ ನೋಡಿ, ಹಂದರ ಹಾಕಿಸಿ, ಅಕ್ಷತೆ ಹಾಕಿಸಿ ಗಂಡನಿಗೆ ಮದುವೆ ಮಾಡಿದಳು. ‘ನಾನ ಆರಿಸಿ ತಂದೇನ್ರಿ ಇಕಿನ್ನ’ ಎಂದು ಒಳಗಿದ್ದ ಕಿರಿಯವಳತ್ತ ಹೆಮ್ಮೆಯಿಂದ ನೋಡಿದಳು.

ನೇಮದ ಪ್ರಕಾರ ಲೆಕ್ಕ ಸರಳವಾಗಿತ್ತು. ಮೊದಲು ಬಂದವಳು ದೊಡ್ಡವ್ವ, ಅವಳು ಉಳಿಯಬೇಕು. ಕಿರಿಯವಳು ಹೋಗಬೇಕು. ಯಜಮಾನನಿಗೆ ಅದನ್ನು ಹೇಳಿದಾಗ ಅವನು ನೆಲಕ್ಕೆ ಕೈ ಬಡಿದ.

‘ಕೂಸುಗಳ ತಾಯಿನ್ನ ಹೆಂಗ ಕಳಸ್ಲಿರಿ? ಅದಾಗೂದಿಲ್ಲ. ಹಂಗಾರ ನಮಗ ನಿಮ್ಮ ನೀರೂ ಬ್ಯಾಡ, ಏನೂ ಬ್ಯಾಡ.’ ಆಮೇಲೆ ದನಿ ಇಳಿಸಿದ. ‘ಉಡಿಕಿ ಅಂದ್ರ ಏನ ಲಗ್ನಲ್ಲ ಬಿಡ್ರಿ. ನೀವ ಏನರ ಬರೀರಿ. ನಿಮ್ಮ ಕೈಯಾಗೈತಿ.’

ನನ್ನ ಕೈಯಲ್ಲಿತ್ತು, ನಿಜ. ಒಂದು ದಿನ ಪೂರ್ತಿ ಆ ಹಾಳೆಯನ್ನು ಮುಂದಿಟ್ಟುಕೊಂಡು ಗಿರಣಿಯ ಹಿಂದೆ ಕುಳಿತೆ. ನಿಜ ಬರೆದರೆ ಎರಡು ಮಕ್ಕಳ ತಾಯಿ ಬೀದಿಗೆ. ಇಲ್ಲವೇ ಯಜಮಾನ ಹಿಂದೆ ಸರಿಯುತ್ತಾನೆ, ನಾಲ್ಕು ಮನೆ ಹೋಗುತ್ತವೆ, ಠಾಣ್ಯ ಮುಚ್ಚುತ್ತದೆ. ಪಾದ್ರಿ ಸಾಹೇಬರ ಮುಂದೆ ಹೋಗಿ, ಈ ನೇಮವೇ ಕೆಟ್ಟದ್ದು, ಇಬ್ಬರನ್ನೂ ಇರಗೊಡಿ ಎಂದು ಹೇಳುವ ದಾರಿಯೂ ಒಂದಿತ್ತು. ಅದು ನನಗೆ ಹೊಳೆಯಿತು. ಹೊಳೆದದ್ದನ್ನು ಬೇಗ ಬೇಗ ಮರೆತೆ. ಮಕ್ಕಳ ಮುಖ ನೋಡಿ ಬರೆದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಶಿಗ್ಗಾಂವಿಯಲ್ಲಿ ನನ್ನ ಪಟ್ಟಿ ಓದುವ ಆಸೆಯಿಂದ ಬರೆದೆ.

ಅವಳು ನಗುತ್ತ ಹೇಳಿದ ಕಥೆಯೇ ಸುಳ್ಳನ್ನು ನೇತುಹಾಕಲು ನನಗೆ ಬೇಕಾದ ಮೊಳೆಯಾಯಿತು. ‘ಈತನ ಮೊದಲನೆಯ ತಾಳಿಯು ಎಕ್ಕದ ಗಿಡಕ್ಕೆ ಕಟ್ಟಲ್ಪಟ್ಟಿದೆ. ಇದು ಮೂಢಾಚಾರ. ಇದನ್ನು ಆಧರಿಸಿ ನಡೆದ ಉಡಿಕೆಯಲ್ಲಿ ಹಂದರವಾಗಲಿ ಅಕ್ಷತೆಯಾಗಲಿ ಇಲ್ಲದ್ದರಿಂದ ಅದನ್ನು ವಿವಾಹವೆಂದು ಗಣಿಸಲು ಬರುವುದಿಲ್ಲ. ಈತನ ಮೊದಲನೆಯ ವಿವಾಹವು ಕಿರಿಯ ಸ್ತ್ರೀಯೊಂದಿಗೆ ಆದದ್ದು.’ ಅಕ್ಷರ ಚೆಂದಾಗಿ ಬರೆದೆ. ಯಜಮಾನ ಹೆಬ್ಬೆಟ್ಟು ಒತ್ತಿದ. ಸಾಕ್ಷಿಗೆ ಆ ನಗುವ ಮುದುಕನನ್ನು ಕರೆದು ಓದಿ ಹೇಳಿದೆ. ಅವನು ಕೈ ಹಿಂದೆ ಕಟ್ಟಿಕೊಂಡ.

‘ಆ ಉಡಿಕ್ಯಾಗ ನಾ ಊಟಾ ಮಾಡೇನಿ. ಉಂಡ ಬಾಯಿಲೆ ಇಲ್ಲ ಅಂತ ಹೆಂಗ ಹೇಳ್ಲಿ?’

ಅವನು ಮರುದಿನದಿಂದ ಪಾಠಕ್ಕೆ ಬರಲಿಲ್ಲ. ಬೇರೆ ಇಬ್ಬರ ಹೆಬ್ಬೆಟ್ಟು ಸಿಕ್ಕಿತು.

ಪಾದ್ರಿ ಸಾಹೇಬರು ಬಂದ ದಿನ ಅಂಗಳ ಸಾರಿಸಿ ಚಾಪೆ ಹಾಸಿದ್ದರು. ಸಾರಿಸಿದವಳು ದೊಡ್ಡವ್ವ. ಅವಳಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಯಜಮಾನ ನಾನು ಹೇಳುತ್ತೇನೆಂದು ಸುಮ್ಮನಿದ್ದ, ನಾನು ಅವನು ಹೇಳುತ್ತಾನೆಂದು ಸುಮ್ಮನಿದ್ದೆ. ಪರೀಕ್ಷೆ ಶುರುವಾಯಿತು. ಯಜಮಾನ ಆಜ್ಞೆಗಳನ್ನು ಹೇಗೋ ದಾಟಿದ. ರಕ್ಷಕನು ಯಾಕೆ ಸತ್ತನು ಎಂಬ ಪ್ರಶ್ನೆಗೆ ಬಾಯಿ ಕಟ್ಟಿತು. ಹೆಂಗಸರ ಸಾಲಿನಿಂದ ದೊಡ್ಡವ್ವ ಮೆಲ್ಲಗೆ ಹೇಳಿಕೊಟ್ಟಳು. ಸಾಹೇಬರು ತಿರುಗಿ ನೋಡಿ ನಕ್ಕು, ಅವಳನ್ನೇ ಮುಂದೆ ಕರೆದು ಒಂದೊಂದಾಗಿ ಕೇಳಿದರು. ಅವಳು ಎಲ್ಲಿಯೂ ತಡೆಯಲಿಲ್ಲ. ಸಾಹೇಬರ ಕಣ್ಣು ತುಂಬಿ ಬಂತು. ‘ಈ ಸ್ತ್ರೀಯು ಯಾರು?’ ಎಂದು ನನ್ನನ್ನು ಕೇಳಿದರು.

‘ಪತ್ರದಲ್ಲಿ ಬರೆದ ಆ ಉಡಿಕೆಯ ಸ್ತ್ರೀ ಇವಳೇ’ ಅಂದೆ.

ಅವರ ಮುಖ ಸಣ್ಣದಾಯಿತು. ಪತ್ರ ತೆಗೆದು ಮತ್ತೊಮ್ಮೆ ಓದಿದರು. ಆಮೇಲೆ ಅವಳಿಗೆ ತಾವೇ ಹೇಳಿದರು: ಅವಳು ಈ ಮನೆ ಬಿಟ್ಟು ತವರಿಗೆ ಹೋಗಬೇಕು, ಅವಳು ಹೋದರೆ ಇಷ್ಟು ಜನರಿಗೆ ದೀಕ್ಷಾಸ್ನಾನವಾಗುತ್ತದೆ, ಅವಳದು ಮುಂದೆ ಆಗುತ್ತದೆ.  ಅವಳು ಗಂಡನನ್ನು ನೋಡಿದಳು, ಅವನು ಚಾಪೆಯ ಗರಿ ಕೀಳುತ್ತಿದ್ದ. ನನ್ನನ್ನು ನೋಡಿದಳು. ಬೆನ್ನ ಮೇಲಿನ ಕೂಸನ್ನು ಬಿಚ್ಚಿ ಮುಂದೆ ಮಡಿಲಿಗೆ ತಂದುಕೊಂಡಳು.

‘ಅವ ಒಮ್ಮೆ ಸತ್ತ ಮ್ಯಾಲ ಇನ್ನ ಯಾರನ್ನೂ ಬಲಿ ಕೊಡೂದು ಬ್ಯಾಡ ಅಂತ ನೀವ ಕಲಿಸೀರಿ. ಕುರಿ ಬ್ಯಾಡ, ಕೋಣ ಬ್ಯಾಡ ಅಂದ್ರಿ. ಹಂಗಾರ ಈಗ ನನ್ನ ಯಾಕ ಕೊಡಾಕತ್ತೀರಿ?’

ಅವಳು ಬೇಗ ಬೇಗ ಹೇಳಿದಳು. ಸಾಹೇಬರಿಗೆ ಹಳ್ಳಿಯ ಮಾತು ಹಿಡಿಯುತ್ತಿರಲಿಲ್ಲ. ನನ್ನತ್ತ ಬಾಗಿ, ‘ಏನನ್ನುತ್ತಾಳೆ?’ ಎಂದು ಕೇಳಿದರು. ಇಡೀ ಅಂಗಳ ನನ್ನ ಬಾಯಿ ನೋಡುತ್ತಿತ್ತು. ಅವಳೂ ನೋಡುತ್ತಿದ್ದಳು.

‘ಎಲ್ಲರ ಸಲುವಾಗಿ ತಾನೊಬ್ಬಳು ಹೋಗಲು ಒಪ್ಪಿದ್ದೇನೆ ಅನ್ನುತ್ತಾಳೆ’ ಅಂದೆ.

ಸಾಹೇಬರು ಟೋಪಿ ತೆಗೆದು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಎಲ್ಲರೂ ತಲೆ ಬಾಗಿಸಿದರು. ನನ್ನ ಮಾತು ಅವಳಿಗೆ ಸರಿಯಾಗಿ ಕೇಳಿಸಿತ್ತು. ಅವಳು ಅದನ್ನು ಅಲ್ಲಗಳೆಯಲಿಲ್ಲ. ಯಾಕೆಂದು ನಾನು ಇಂದಿಗೂ ಅವಳ ಪರವಾಗಿ ಹೇಳಲಾರೆ.

ಮರುದಿನ ಹೊತ್ತೇರುವ ಮುಂಚೆ ಅವಳನ್ನು ಕರೆದುಕೊಂಡು ಹೊರಟೆ. ಅವಳ ಅಣ್ಣನ ಊರು ಹಿರೇಕೆರೂರಿನ ಆಚೆ, ಅಬಲೂರಿನ ಹತ್ತಿರ, ಎರಡು ದಿನದ ನಡಿಗೆ. ಕೂಸು ಅವಳ ಸೆರಗು ಬಿಡಲಿಲ್ಲ, ಯಜಮಾನ ಅದರ ಬೆರಳು ಒಂದೊಂದಾಗಿ ಬಿಡಿಸಿದ. ಕಿರಿಯವಳು ಕಂಬಳಿ ತಂದು ಕೊಡಹೋದಳು. ‘ಅದು ಕೂಸಿಗಿರಲಿ. ಥಂಡಿ ಬಿದ್ದೈತಿ, ಸಂಜಿಮುಂದ ತಲಿಗೆ ಬಟ್ಟಿ ಕಟ್ಟು’ ಎಂದು ದೊಡ್ಡವ್ವ ಅದನ್ನು ಹಿಂದಕ್ಕೆ ಕೊಟ್ಟಳು. ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಒಂದೇ ಒಂದು ಮಾತು ಕೇಳಿದಳು.

‘ಮ್ಯಾಲೂ ಹಿಂಗ ಕಾಗದಾ ನೋಡತಾರೇನ್ರಿ?’

‘ಇಲ್ಲ ಅಕ್ಕಾ.’

‘ಹಂಗಾರ ನೀರಿನ ಕೆಲಸಾ ಲಗೂನ ಮಾಡ್ಸಿಕೊಡ್ರಿ’ ಅಂದಳು.

ಅಣ್ಣ ಹೆಬ್ಬೆಟ್ಟು ಒತ್ತುವಾಗ ಅವನ ಹೆಂಡತಿ ಬಾಗಿಲಲ್ಲಿ ನಿಂತು, ಎಷ್ಟು ದಿನ ಇರುತ್ತಾಳೆ ಎಂದು ಕೇಳಿದಳು. ನಾನು ಶಾಯಿ ಒಣಗಲೆಂದು ಕಾಗದ ಬೀಸುತ್ತ ಹೊರಗೆ ಬಂದೆ. ಎಂಟು ದಿನಕ್ಕೆ ಕೇರಿಯ ಹನ್ನೊಂದು ತಲೆಗಳ ಮೇಲೆ ನೀರು ಬಿತ್ತು. ಶಿಗ್ಗಾಂವಿಯಲ್ಲಿ ನನ್ನ ಪಟ್ಟಿಯನ್ನು ಮೊದಲು ಓದಿಸಿದರು. ಸಾಹೇಬರು ಹೆಸರು ಹೇಳದೆ ಒಬ್ಬ ಬಡ ಸ್ತ್ರೀಯ ತ್ಯಾಗದ ಬಗ್ಗೆ ಮಾತಾಡಿದರು. ನನಗೆ ಠಾಣ್ಯ ಮುಚ್ಚುವ ಚಿಂತೆ ಹೋಯಿತು, ಕೇರಿಯಲ್ಲಿ ಒಂದು ಹುಲ್ಲುಹೊದಿಕೆಯ ಪ್ರಾರ್ಥನಾಮಂದಿರವೂ ಎದ್ದಿತು.

ಹಿರೇಕೆರೂರು ತಾಲೂಕಿನಲ್ಲಿ ನಮ್ಮವರು ಯಾರೂ ಇರಲಿಲ್ಲ. ಅಲ್ಲಿಗೆ ಹೋಗುವವರು ಯಾರು. ಅಕ್ಕಿಆಲೂರ ಸಂತೆಗೆ ಆ ಕಡೆಯ ಬಳೆಗಾರನೊಬ್ಬ ಬರುತ್ತಿದ್ದ. ನಾಲ್ಕು ತಿಂಗಳಿಗೊಮ್ಮೆ ಅವನ ಕೈಯಲ್ಲಿ ದೊಡ್ಡವ್ವ ಹೇಳಿಕಳಿಸುತ್ತಿದ್ದಳು, ನೀರಿನ ಕೆಲಸ ಯಾವಾಗ ಎಂದು. ಮೂರನೆಯ ಸಲ ಬಂದಾಗ ಬಳೆಗಾರ ತಾನಾಗಿಯೇ ಒಂದು ಮಾತು ಸೇರಿಸಿದ: ‘ಆಕಿ ಭಾಳ ದಿನ ಉಳಿಯೂಹಂಗ ಕಾಣೂದಿಲ್ರಿ. ಕೆಮ್ಮಿನ್ಯಾಗ ರಕ್ತಾ ಬೀಳಾಕತ್ತೈತಿ.’ ಅಂದೇ ಸಾಹೇಬರಿಗೆ ಬರೆದೆ.

ಉತ್ತರ ಬೇಗ ಬಂತು. ಅವರು ಹಳೆಯ ಪತ್ರವನ್ನು ತೆಗೆದು ನೋಡಿದ್ದರು. ಅದರಲ್ಲಿ ನಾನೇ ಬರೆದಂತೆ ಆ ಸ್ತ್ರೀಗೆ ವಿವಾಹವೇ ಆಗಿರಲಿಲ್ಲ. ಅಂದಮೇಲೆ ಅವಳು ಹದಿನಾರು-ಹದಿನೇಳು ವರ್ಷ ಒಬ್ಬ ಗಂಡಸಿನೊಡನೆ ವಿವಾಹವಿಲ್ಲದೆ ಬಾಳಿದಂತಾಯಿತು. ಆ ಪಾಪವನ್ನು ಅದು ನಡೆದ ಊರಿನ ಸಭೆಯ ಮುಂದೆ ಅವಳು ಬಾಯಿಬಿಟ್ಟು ಅರಿಕೆ ಮಾಡಬೇಕು. ಅದಾದ ಕೂಡಲೆ ದೀಕ್ಷಾಸ್ನಾನಕ್ಕೆ ಅಡ್ಡಿಯಿಲ್ಲ. ಅವರ ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪು ಇದ್ದದ್ದು ನನ್ನ ಹಾಳೆಯಲ್ಲಿ.

ಆ ಕಾಗದವನ್ನು ಮೂರು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಪತ್ರದಲ್ಲಿ ನಾನು ಬರೆದದ್ದು ಸುಳ್ಳು ಎಂದು ಒಂದು ಸಾಲು ಬರೆದಿದ್ದರೆ ಅವಳು ಯಾವ ಪಾಪವನ್ನೂ ಹೇಳಬೇಕಾಗಿರಲಿಲ್ಲ. ಆದರೆ ಆಗ ಕಿರಿಯವಳೊಡನೆ ಯಜಮಾನನ ಮದುವೆ ಸಲ್ಲುವುದಿಲ್ಲ, ಅವನನ್ನು ಸಭೆಯಿಂದ ಹೊರಗೆ ಹಾಕುತ್ತಾರೆ, ನನ್ನನ್ನು ಕೆಲಸದಿಂದ. ಆ ಹೊತ್ತಿಗೆ ನನಗೂ ಮದುವೆ ಗೊತ್ತಾಗಿತ್ತು. ನಾನು ಅಬಲೂರಿನ ಕಡೆಗೆ ನಡೆದೆ.

ಅವಳು ಅಣ್ಣನ ದನದ ಕೊಟ್ಟಿಗೆಯಲ್ಲಿ ಗೋಣಿತಾಟಿನ ಮೇಲೆ ಕುಳಿತು ಜೋಳದ ತೆನೆ ಬಿಡಿಸುತ್ತಿದ್ದಳು. ಅರ್ಧ ಆಗಿಹೋಗಿದ್ದಳು. ನನ್ನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡು, ‘ಬರ್ರಿ, ಕುಂದರ್ರಿ. ಕೂಸು ಹೆಂಗೈತ್ರಿ?’ ಎಂದು ಕೇಳಿದಳು. ನಡೆದಾಡುತ್ತದೆ ಅಂದೆ. ಆಮೇಲೆ ನೆಲ ನೋಡುತ್ತ ಕಾಗದದ ವಿಷಯ ಹೇಳಿದೆ.

ಅವಳು ಕೈಯಲ್ಲಿದ್ದ ತೆನೆಯನ್ನು ಪೂರ್ತಿ ಬಿಡಿಸಿ ಕೆಳಗಿಟ್ಟಳು.

‘ಅದು ಲಗ್ನಲ್ಲ ಅಂತ ಬರದವರು ಯಾರ್ರಿ?’

‘ನಾನ.’

‘ನಾನೂ ಹಂಗ ತಿಳದಿದ್ನಿ’ ಅಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ‘ಅಕ್ಕಾ, ಬ್ಯಾಡ ಬಿಡು. ನೀರಿಲ್ಲದನೂ ದೇವರು ನಿನ್ನ ಕೈ ಬಿಡೂದಿಲ್ಲ’ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು.

‘ಆವತ್ತು ನೀರು ತಗೊಂಡ್ರ ಹುಡುಗನ್ನ ಕಾಣ್ತಿ ಅಂದ್ರಿ. ಇವತ್ತು ನೀರು ಇಲ್ಲದನೂ ನಡೀತೈತಿ ಅಂತೀರಿ. ನಿಮ್ಮ ಯಾವ ಮಾತು ನಂಬ್ಲಿರಿ?’ ಕೆಮ್ಮು ಬಂತು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ‘ನನಗ ದಿನಾ ಉಳಿದಿಲ್ಲ. ಏನ ಹೇಳಬೇಕಂತ ಕಲಿಸಿಕೊಡ್ರಿ.’

ಕಲಿಸಿಕೊಟ್ಟೆ. ಕೊಟ್ಟಿಗೆಯಲ್ಲಿ ಕುಳಿತು, ಪ್ರಶ್ನೋತ್ತರ ಕಲಿಸಿದ ಹಾಗೆಯೇ ಒಂದೊಂದು ತುಂಡಾಗಿ ಹೇಳಿಕೊಟ್ಟೆ. ಎರಡನೆಯ ಸಲಕ್ಕೆ ಅವಳಿಗೆ ಬಂತು.

ಅಣ್ಣನ ಎತ್ತಿನ ಗಾಡಿಯಲ್ಲಿ ಅವಳನ್ನು ಕೇರಿಗೆ ತಂದದ್ದು ಒಂದು ಭಾನುವಾರದ ಮುನ್ನಾದಿನ. ಸಭೆಯ ದಿನ ಮಂದಿರದ ಒಳಗೆ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ ಕುಳಿತಿದ್ದರು. ಯಜಮಾನ ಮುಂದಿನ ಸಾಲಿನಲ್ಲಿದ್ದ, ಈಗ ಅವನು ಸಭೆಯ ಹಿರಿಯ. ಕೂಸು ತಾಯಿಯ ತೊಡೆಯ ಮೇಲಿತ್ತು, ದೊಡ್ಡವ್ವನ ಗುರುತು ಅದಕ್ಕೆ ಹತ್ತಲಿಲ್ಲ. ಸಾಹೇಬರು ಎದ್ದು ನಿಂತು, ಈ ಸ್ತ್ರೀಯು ಸಭೆಯ ಮುಂದೆ ಏನು ಅರಿಕೆ ಮಾಡುತ್ತಾಳೆ ಎಂದು ಕೇಳಿದರು. ಅವಳು ದೀಕ್ಷಾಸ್ನಾನದ ನೀರಿದ್ದ ಹಿತ್ತಾಳೆಯ ಬೋಗುಣಿಯ ಪಕ್ಕದಲ್ಲಿ ಗೋಡೆ ಹಿಡಿದು ನಿಂತಿದ್ದಳು. ಕೈ ಬಿಟ್ಟು ನೆಟ್ಟಗಾದಳು.

‘ನಾನು ಲಗ್ನ ಇಲ್ಲದ ಒಬ್ಬ ಗಂಡಸಿನ ಜೋಡಿ ಬಾಳೇ ಮಾಡಿದೆನು. ಅದು ಪಾಪವಾಗಿತ್ತು. ಆ ಪಾಪವು ನನ್ನದೇ, ಬೇರೆ ಯಾರದೂ ಅಲ್ಲ. ದೇವರೂ ಸಭೆಯೂ ನನ್ನನ್ನು ಕ್ಷಮಿಸಲಿ.’

ಯಜಮಾನ ತಲೆ ಎತ್ತಲಿಲ್ಲ. ಕಿರಿಯವಳು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಸಾಹೇಬರು ‘ಆಮೆನ್’ ಎಂದು ಬೋಗುಣಿಯತ್ತ ತಿರುಗಿ ತೋಳು ಮಡಚಿಕೊಳ್ಳತೊಡಗಿದರು. ಅಷ್ಟರಲ್ಲಿ ಅವಳು ನನ್ನ ಕಡೆ ಬಾಗಿದಳು. ಹಣೆಯ ಮೇಲೆ ಬೆವರಿತ್ತು, ಪರೀಕ್ಷೆ ಕೊಟ್ಟವರ ಅಂಜಿಕೆ ಕಣ್ಣಲ್ಲಿತ್ತು.

‘ಬರೋಬರಿ ಹೇಳಿದ್ನೇನ್ರಿ, ಉಪದೇಶ್ಯಾರ?’

‘ಬರೋಬರಿ ಹೇಳಿದಿ, ಅಕ್ಕಾ’ ಅಂದೆ.